ಅತ್ತೆಗೆ ಮೆಣಸಿನಕಾಯಿ ಆರಿಸಲು ಕಲಿಸಿದ್ದು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿಧಾನದಲ್ಲಿ ಯಾವ ದೋಷವೂ ಇಲ್ಲ! ಕುರುಗೋಡಿನ ಮೆಣಸಿನಕಾಯಿ ಕಣದಲ್ಲಿ ಇಪ್ಪತ್ತೈದು ಮಂದಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕಿರಬಹುದು. ನನ್ನ ಹೆಂಡತಿ ಗಿರಿಜಾ ಈಗಲೂ ಒಗ್ಗರಣೆಗೆ ಮೆಣಸಿನಕಾಯಿ ಮುರಿಯುವಾಗ ನನ್ನ ಕಡೆ ನೋಡಿ ನಗುತ್ತಿರಬಹುದು. ನಗಲಿ. ಹತ್ತೊಂಬತ್ತು ವರ್ಷ ಆ ವಿಧಾನದಲ್ಲಿ ಪಾಠ ಮಾಡಿದವನು ನಾನು. ಅದರ ಮೇಲೆ ಯಾರಾದರೂ ಒಂದು ಮಾತು ಆಡಿದರೂ ಸಹಿಸುವುದಿಲ್ಲ.

ಬಳ್ಳಾರಿಯಲ್ಲಿ, ನಿಧಾನವಾಗಿ ಕಲಿಯುವ ಮಕ್ಕಳಿಗೆಂದೇ ಇರುವ ಶಾಲೆಯೊಂದರಲ್ಲಿ ನಾನು ಮಾಸ್ತರ. ವಸ್ತುಗಳನ್ನು ಗುಂಪು ಮಾಡುವುದನ್ನು ಕಲಿಸುವುದು ನನ್ನ ಕೆಲಸ. ಹಣ್ಣು ಒಂದು ಬುಟ್ಟಿಗೆ, ವಾಹನ ಒಂದು ಬುಟ್ಟಿಗೆ, ಪ್ರಾಣಿ ಒಂದು ಬುಟ್ಟಿಗೆ. ಬೇರೆ ಕಡೆಗಳಲ್ಲಿ ಮಗು ತಪ್ಪು ಮಾಡುತ್ತದೆ, ಮಾಸ್ತರ ತಿದ್ದುತ್ತಾನೆ. ನಮ್ಮಲ್ಲಿ ಮಗುವಿಗೆ ತಪ್ಪು ಮಾಡಲು ಅವಕಾಶವನ್ನೇ ಕೊಡುವುದಿಲ್ಲ! ಇದಕ್ಕೆ ತಪ್ಪಿಲ್ಲದ ಕಲಿಕೆ ಎಂದು ಹೆಸರು. ಬಾಳೆಹಣ್ಣಿನ ಚಿತ್ರ ಹಿಡಿದ ಕೈ ವಾಹನದ ಬುಟ್ಟಿಯ ಕಡೆ ವಾಲುವ ಮೊದಲೇ ಮೆಲ್ಲಗೆ ಹಣ್ಣಿನ ಬುಟ್ಟಿಯನ್ನು ತೋರಿಸಬೇಕು. ತಪ್ಪು ಎಂಬ ಶಬ್ದವನ್ನು ಬಾಯಿಂದ ಆಡಲೇಬಾರದು. ದಿನ ಕಳೆದಂತೆ ತೋರಿಸುವುದನ್ನು ಕಡಿಮೆ ಮಾಡುತ್ತ ಬಂದು, ಕಡೆಗೆ ಮಾಸ್ತರನಾದವನು ಕೈ ಕಟ್ಟಿ ಕೂಡಬೇಕು.

ಈ ವಿಧಾನದಿಂದ ನಾನು ಎಂಥೆಂಥ ಮಕ್ಕಳಿಗೆ ಕಲಿಸಿದ್ದೇನೆ! ಒಬ್ಬಳು ಹುಡುಗಿ ಒಂದೂ ತಪ್ಪಿಲ್ಲದೆ ನಲವತ್ತು ಚಿತ್ರಗಳನ್ನು ಗುಂಪು ಮಾಡಿ, ಇನ್ನೂ ಉತ್ಸಾಹ ಉಳಿದದ್ದಕ್ಕೆ ಗೋಡೆಯ ಮೇಲಿದ್ದ ನಮ್ಮ ಹೆಡ್‌ಮಾಸ್ತರರ ಫೋಟೋ ತೆಗೆದು ಪ್ರಾಣಿಗಳ ಬುಟ್ಟಿಗೆ ಹಾಕಿದಳು. ವಿಜ್ಞಾನದ ಪ್ರಕಾರ ಅದೂ ಸರಿಯೇ ಎಂದು ನಾನು ವಾದಿಸಿದೆ. ಹೆಡ್‌ಮಾಸ್ತರರು ಒಪ್ಪಲಿಲ್ಲ.

ಇನ್ನು ನಮ್ಮ ಅತ್ತೆಯ ವಿಷಯ. ಅತ್ತೆ ಹಂಪಮ್ಮ ಕುರುಗೋಡಿನವರು. ಅಲ್ಲಿ ವಿರೂಪಣ್ಣ ಸಾವ್ಕಾರರ ಕಣದಲ್ಲಿ ಒಣಮೆಣಸಿನಕಾಯಿ ಆರಿಸುವುದು ಅವರ ಕೆಲಸ. ರೈತರು ತಂದು ಸುರಿದ ರಾಶಿಯಿಂದ ಒಳ್ಳೆಯದನ್ನು, ಸಾಧಾರಣವನ್ನು, ಕೆಟ್ಟದ್ದನ್ನು ಬೇರೆ ಬೇರೆ ಮಾಡಬೇಕು. ಬಣ್ಣ ಹೋಗಿ ಬಿಳಚಿಕೊಂಡ ಕಾಯಿಗೆ ಅಲ್ಲಿ ತಾಲು ಎನ್ನುತ್ತಾರೆ. ಮೂವತ್ತೈದು ವರ್ಷದಿಂದ ಆ ಕಣದ ಬಾಗಿಲ ಪಕ್ಕದ ಬೆಳಕಿನ ಜಾಗ ಅತ್ತೆಯದು. ಬೇರೆ ಹೆಂಗಸರಿಗೆ ಅನುಮಾನ ಬಂದರೆ ಕಾಯಿ ಹಿಡಿದುಕೊಂಡು ಅಲ್ಲಿಗೇ ಬರಬೇಕು. ಅತ್ತೆ ಒಮ್ಮೆ ನೋಡಿ ಯಾವ ರಾಶಿಗೆ ಎಸೆದರೋ ಅದೇ ಅದರ ರಾಶಿ. ಸಾವ್ಕಾರರೂ ಅದರ ಮೇಲೆ ಮಾತಾಡುತ್ತಿರಲಿಲ್ಲ.

ದಸರಾ ಹೊತ್ತಿಗೆ ಅತ್ತೆಗೆ ಸಣ್ಣಗೆ ಲಕ್ವ ಹೊಡೆಯಿತು. ಬಳ್ಳಾರಿಗೆ ಕರೆತಂದು ತೋರಿಸಿದೆವು. ಕೈಕಾಲು ದೇವರ ದಯೆಯಿಂದ ತಿಂಗಳೊಳಗೆ ಸರಿಹೋದವು. ಮಾತು ಮಾತ್ರ ತೊಡಕಾಗಿ ಉಳಿಯಿತು. ನೀರು ಬೇಕಾದರೆ ಗಡಿಯಾರ ಎನ್ನುವರು. ಬೆಕ್ಕನ್ನು ಚೊಂಬು ಎಂದು ಬೈದು ಓಡಿಸುವರು. ಈ ಸುದ್ದಿ ಕೇಳಿ ವಿರೂಪಣ್ಣ ಸಾವ್ಕಾರರು ಮನೆಗೇ ಬಂದು ಹೇಳಿಹೋದರು.

"ಹಂಪವ್ವ, ಹೊಸ ಕಾಯಿ ಬರೋತನ ನಿನ್ನ ಜಾಗದಾಗ ಯಾರ್ನೂ ಕುಂದ್ರಸಂಗಿಲ್ಲ. ಬಂದ ದಿನ ಒಂದು ಬುಟ್ಟಿ ಆರಿಸಿ ತೋರ್ಸು. ಆಗ್ಲಿಲ್ಲಂದ್ರ ಮನಸ್ಸಿಗಿ ಹಚ್ಚಿಗೋಬ್ಯಾಡ, ಮನ್ಯಾಗ ಆರಾಮ ಇರು."

ಮನೆಯಲ್ಲಿ ಆರಾಮ ಇರು ಎಂಬ ಮಾತಿಗೆ ಅತ್ತೆ ಎರಡು ದಿನ ಊಟ ಬಿಟ್ಟರು. "ಜಾಗ ಬಿಡಂಗಿಲ್ಲ" ಎನ್ನಲು ಹೋಗಿ "ಚಾಪಿ ಬಿಡಂಗಿಲ್ಲ, ಚಾಪಿ ಬಿಡಂಗಿಲ್ಲ" ಎಂದು ಗೋಡೆ ಗುದ್ದಿದರಂತೆ. ಅರ್ಥ ಎಲ್ಲರಿಗೂ ಆಯಿತು. ಆ ಜಾಗ ಹೋದರೆ ಅತ್ತೆ ಉಳಿಯುವುದಿಲ್ಲ ಎಂದು ಗಿರಿಜಾ ಅತ್ತಳು.

ಮುಂದಿನ ಭಾನುವಾರ ಕುರುಗೋಡಿಗೆ ಹೋದಾಗ ನನಗೆ ಕೊಟ್ಟ ಚಹಾದಲ್ಲಿ ಸಕ್ಕರೆಯ ಬದಲು ಉಪ್ಪಿತ್ತು. ನನ್ನೊಳಗಿನ ಮಾಸ್ತರ ಎದ್ದು ನಿಂತ!

"ಗಿರಿಜಾ, ರೋಗ ಗೊತ್ತಾತು. ಅತ್ತಿಗಿ ಗುಂಪು ಮಾಡೋ ಶಕ್ತಿ ಹೋಗೇತಿ. ಸಕ್ರಿ ಯಾವ್ದು, ಉಪ್ಪು ಯಾವ್ದು ತಿಳಿಯಾಕ ಒಲ್ದು."

"ಅಯ್ಯ, ಚಾ ಮಾಡಿದಾಕಿ ನಾನ್ರೀ!" ಎಂದಳು ಗಿರಿಜಾ. "ಅವ್ವ ಸಕ್ರಿ ಅನ್ನಾಕ ಹೋಗಿ ಉಪ್ಪು ಅಂದ್ಳು. ನಾ ಮಾತಾಡ್ಕೋತ ಅದನ್ನ ಹಾಕಿಬಿಟ್ಟೆ. ಅವ್ವನ ಕೈಗಿ, ಕಣ್ಣಿಗಿ ಏನೂ ಆಗಿಲ್ರಿ. ಮಾತಷ್ಟ ತೊಡಕ್ತೈತಿ."

"ನಿನಗ ಇದೆಲ್ಲ ತಿಳಿಯಂಗಿಲ್ಲ. ಇದು ಶಾಸ್ತ್ರ" ಎಂದೆ. ಶಾಸ್ತ್ರ ಎಂದಮೇಲೆ ಗಿರಿಜಾ ಏನು ಮಾಡಿಯಾಳು? ಇನ್ನೊಂದು ಲೋಟ ಚಹಾ ತಂದಿಟ್ಟು ಹೋದಳು. ನಾಲ್ಕು ಭಾನುವಾರಗಳಲ್ಲಿ ಅತ್ತೆಯನ್ನು ಮೊದಲಿನ ಹಂಪಮ್ಮನನ್ನಾಗಿ ಮಾಡಿ ಆ ಜಾಗದಲ್ಲಿ ಕೂಡಿಸುತ್ತೇನೆಂದು ನಾನು ಅಲ್ಲೇ ಶಪಥ ಮಾಡಿದೆ.

ಅಡಚಣೆ ಒಂದೇ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಮುಂದೆ ತಲೆಯ ಮೇಲೆ ಸೆರಗಿಲ್ಲದೆ ಬರುವುದಿಲ್ಲ, ಎದುರಿಗೆ ಕೂಡುವುದಿಲ್ಲ, ನೇರ ಮಾತಾಡುವುದಿಲ್ಲ. ಅಳಿಯನ ಮಾತಿಗೆ ಎದುರಾಡುವುದಂತೂ ದೂರವೇ ಉಳಿಯಿತು. ಈಗ ಎಷ್ಟೋ ಮನೆಗಳಲ್ಲಿ ಇದೆಲ್ಲ ಹೋಗಿದೆ. ಹಂಪಮ್ಮನ ಮನೆಯಲ್ಲಿ ಹೋಗಿಲ್ಲ. ನಾನು ಅವರಿಂದ ಮೊಳ ದೂರದಲ್ಲಿ ಕೂತು ಉಣ್ಣುತ್ತಿದ್ದರೂ "ಗಿರಿಜಾ, ಅಳಿಯಂದ್ರಿಗಿ ಇನ್ನೊಂದು ರೊಟ್ಟಿ ಬೇಕೇನ್ ಕೇಳವ್ವ" ಎಂದೇ ಅನ್ನುವುದು. ನಾನೂ "ಬ್ಯಾಡಂತ ಹೇಳು" ಎನ್ನುತ್ತೇನೆ. ಅಷ್ಟರಲ್ಲಿ ರೊಟ್ಟಿ ಗಂಗಾಳಕ್ಕೆ ಬಿದ್ದಿರುತ್ತದೆ. ನಮ್ಮಿಬ್ಬರ ನಡುವಿನ ಎಲ್ಲ ವ್ಯವಹಾರವೂ ಗಿರಿಜಾಳ ಮೂಲಕವೇ ನಡೆಯಬೇಕು.

ಇಂಥ ಸಂದರ್ಭದಲ್ಲಿ ಬುದ್ಧಿ ಇದ್ದವನು ಗಿರಿಜಾಳನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಾನೆ. ನಾನು ಅವಳನ್ನು ಹೊರಗೆ ಕಳಿಸಿದೆ! ಕಲಿಯುವವರ ಕಿವಿಗೆ ಇನ್ನೊಬ್ಬರ ಮಾತು ಬಿದ್ದರೆ ಮನಸ್ಸು ಕೆಡುತ್ತದೆ ಎಂದು ಬಾಗಿಲು ಮುಂದೆ ಮಾಡಿದೆ. ಹೀಗಾಗಿ ಒಳಗೆ ಉಳಿದವರು ಮಾತಾಡಬಾರದ ಅತ್ತೆ ಮತ್ತು ಮಾತು ನಿಲ್ಲಿಸದ ಅಳಿಯ.

ಅಂಗಡಿಯಿಂದ ಮೂರು ಬುಟ್ಟಿಯನ್ನೂ ಒಂದು ಚೀಲ ಒಣಮೆಣಸಿನಕಾಯಿಯನ್ನೂ ತಂದಿದ್ದೆ. ಒಂದಕ್ಕೆ ಹಸಿರು ಚೀಟಿ, ಅದು ಉತ್ತಮ. ಒಂದಕ್ಕೆ ಹಳದಿ, ಮಧ್ಯಮ. ಒಂದಕ್ಕೆ ಕಪ್ಪು, ಕಸ. ಯಾವ ಕಾಯಿ ಎಲ್ಲಿಗೆ ಎಂಬುದನ್ನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ನಾನು ಸಿರುಗುಪ್ಪದವನು, ಭತ್ತದ ನಡುವೆ ಬೆಳೆದವನು. ತುಂಬಿಕೊಂಡು ನುಣ್ಣಗೆ ಹೊಳೆಯುವುದು ಕಾಳು, ಸುಕ್ಕುಗಟ್ಟಿದ್ದು ಜೊಳ್ಳು. ನಲವತ್ತೆಂಟು ವರ್ಷ ಮೆಣಸಿನಕಾಯಿಯನ್ನು ನಾನು ಪುಡಿಯ ರೂಪದಲ್ಲಿ ಮಾತ್ರ ಗಮನಿಸಿದ್ದೆ. ಆದ್ದರಿಂದ ನುಣುಪಾದ ಕಾಯಿ ಉತ್ತಮಕ್ಕೆ ಹೋಯಿತು. ಬಿಳಚಿಕೊಂಡದ್ದು ಇನ್ನೂ ಹಣ್ಣಾಗಬೇಕಾದದ್ದೆಂದು ಭಾವಿಸಿ ಮಧ್ಯಮದಲ್ಲಿಟ್ಟೆ. ಕಪ್ಪುಗೆಂಪಾಗಿ ಮೈತುಂಬ ಸುಕ್ಕಾದದ್ದನ್ನು ಕಸಕ್ಕೆ ನೂಕಿದೆ!

ಪಾಠ ಶುರುವಾಯಿತು. ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ಅರ್ಧ ತಿರುಗಿ ಕೂತರು. ಒಂದು ಸುಕ್ಕು ಕಾಯಿ ಎತ್ತಿಕೊಂಡರು. ಕೈ ಹಸಿರು ಚೀಟಿಯ ಕಡೆ ಹೊರಟಿತು. ತಪ್ಪು ನಡೆಯುವ ಮೊದಲೇ ತಡೆಯಬೇಕಲ್ಲ! ನಾನು ಪೆನ್ನಿನಿಂದ ಕಪ್ಪು ಚೀಟಿಯ ಬುಟ್ಟಿಯನ್ನು ಟಕ್ ಎಂದು ತಟ್ಟಿದೆ. ಕೈ ಗಾಳಿಯಲ್ಲಿ ನಿಂತಿತು. ಅತ್ತೆ ಕಾಯಿಯನ್ನು ಮೂಗಿಗೆ ಹಿಡಿದು ಮೂಸಿದರು. ಬೆಳಕಿಗೆ ಹಿಡಿದು ನನಗೆ ಕಾಣುವಂತೆ ತಿರುಗಿಸಿದರು. ಗಂಟಲು ಸರಿಮಾಡಿಕೊಂಡರು. ಬಾಗಿಲ ಕಡೆ ನೋಡಿದರು. "ಲಕ್ಷಣಗಳು: ಗೊಂದಲ, ಚಂಚಲತೆ" ಎಂದು ಪುಸ್ತಕದಲ್ಲಿ ಬರೆದುಕೊಂಡು ಮತ್ತೆ ತಟ್ಟಿದೆ. ಅತ್ತೆ ದೊಡ್ಡದೊಂದು ಉಸಿರು ಬಿಟ್ಟು ಕಾಯಿಯನ್ನು ಕಸದ ಬುಟ್ಟಿಗೆ ಹಾಕಿದರು. "ದೀರ್ಘ ಉಸಿರು: ಆತ್ಮವಿಶ್ವಾಸ ಹೆಚ್ಚುತ್ತಿದೆ" ಎಂದೂ ಬರೆದೆ.

ಎರಡನೆಯ ಭಾನುವಾರ ಅವರು ಉಸಿರು ಬಿಡುವುದನ್ನೂ ನಿಲ್ಲಿಸಿದರು. ನಾನು ತಟ್ಟಿದ ಬುಟ್ಟಿಗೆ ಕಾಯಿ ಬೀಳುತ್ತಿತ್ತು. ಪುಟದ ಕೆಳಗೆ "ಒಟ್ಟು ತಪ್ಪು: ಸೊನ್ನೆ" ಎಂದು ದುಂಡಗೆ ಬರೆದು ಎರಡು ಗೆರೆ ಎಳೆದೆ. ನಿಯಮದ ಪ್ರಕಾರ ನಾನಿನ್ನು ತಟ್ಟುವುದನ್ನು ಬಿಡುತ್ತ ಬರಬೇಕಿತ್ತು. ಮನಸ್ಸಾಗಲಿಲ್ಲ. ನಾನು ತಟ್ಟದೆ ಇದ್ದಾಗ ಅತ್ತೆ ಎಲ್ಲಿಯಾದರೂ ಒಂದು ತಪ್ಪು ಮಾಡಿಬಿಟ್ಟರೆ ಇಷ್ಟು ಚೆಂದದ ಸೊನ್ನೆ ಹಾಳಾಗುವುದಿಲ್ಲವೇ? ಹಾಗಾಗಿ ತಟ್ಟುತ್ತಲೇ ಇದ್ದೆ. ಬುಟ್ಟಿಗಳನ್ನೂ ಕಾಯಿಗಳನ್ನೂ ಗಂಟು ಕಟ್ಟಿ ಬಳ್ಳಾರಿಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಬೇರೆ ಯಾರೂ ಮುಟ್ಟಿ ಕೆಡಿಸಬಾರದಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾ ಕೇಳಿದಳು. "ರೀ, ಒಳಗ ಏನ್ ನಡಸೀರಿ? ಅವ್ವ ಏನೋ ಹೇಳಬೇಕಂತಾಳ, ಬಾಯಿಗಿ ಬರಾಕ ಒಲ್ದು. 'ಅಳಿಯಂದ್ರು ತಂಬಿಗಿ, ಅಳಿಯಂದ್ರು ತಂಬಿಗಿ' ಅಂತ ಹಣಿ ಬಡಕೊಂಡ್ಳು."

"ಪಾಠ ಮಾಡಿ ದಣದಾರ, ನೀರು ಕೊಡು ಅಂತ ಹೇಳ್ಯಾರ" ಎಂದೆ. ಅತ್ತೆಗೆ ನನ್ನ ಮೇಲಿರುವ ಕಾಳಜಿಗೆ ನನ್ನ ಕಣ್ಣು ತೇವವಾಯಿತು.

ಮೂರನೆಯ ಭಾನುವಾರವೂ ಸೊನ್ನೆ. ನಾಲ್ಕನೆಯ ಭಾನುವಾರ ಗಿರಿಜಾ ನನ್ನನ್ನು ಕುರುಗೋಡಿನಲ್ಲಿ ಬಿಟ್ಟು ಬಾದನಹಟ್ಟಿಯ ಚಿಕ್ಕಮ್ಮನ ಮನೆಗೆ ಹೋದಳು. ಆ ದಿನ ಪಕ್ಕದ ಮನೆಯ ಮಾಬುಬಿ ಬಂದರು. ಅವರೂ ಅದೇ ಕಣದಲ್ಲಿ ಅತ್ತೆಯ ಪಕ್ಕದಲ್ಲೇ ಕೂತು ಆರಿಸುವವರು. ಬಾಗಿಲು ತಳ್ಳಿ ಒಳಗೆ ಬಂದವರು ಬುಟ್ಟಿಗಳನ್ನು ನೋಡಿ ಹಾಗೇ ನಿಂತರು.

"ಏನ್ರೀ ಮಾಸ್ತರ, ಇದೇನು ಎಲ್ಲಾ ಉಲ್ಟಾ..."

"ಶ್ಶ್!"

"ಅಲ್ರೀ, ಆ ಸುಕ್ಕಿಂದು..."

"ಮಾಬಮ್ಮ, ಕಲಿಯೋರಿಗಿ ತಪ್ಪಂತ ಅನ್ನಬಾರ್ದು. ಅದು ಈ ವಿಧಾನದ ಮೊದಲನೇ ನಿಯಮ. ದಯಮಾಡಿ ಹೊರಗ ನಡೀರಿ."

ಮಾಬುಬಿ ಅತ್ತೆಯನ್ನು ನೋಡಿದರು. ಅತ್ತೆ ಸೆರಗಿನ ಕೆಳಗಿನಿಂದ ಮಾಬುಬಿಯನ್ನು ನೋಡಿದರು. ಇಬ್ಬರ ನಡುವೆ ಕಣ್ಣಲ್ಲೇ ಏನೋ ಮಾತಾಯಿತು. ಆಮೇಲೆ ಮಾಬುಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಓಡಿದರು. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂದಿರಬೇಕೆಂದು ತಿಳಿದು ನಾನು ಕಿಟಕಿ ತೆರೆದೆ.

ಮರುದಿನವೇ ಪರೀಕ್ಷೆ. ಹೊಸ ಕಾಯಿ ಬಂದಿತ್ತು. ನಾನು ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪುಸ್ತಕ ಹಿಡಿದು ಕಣಕ್ಕೆ ಹೋದೆ. ಬಾದನಹಟ್ಟಿಯಿಂದ ಬೆಳಿಗ್ಗೆಯಷ್ಟೇ ಬಂದಿಳಿದ ಗಿರಿಜಾ "ನೀವ್ಯಾಕ್ರೀ ಅಲ್ಲಿ?" ಎಂದಳು. ನನ್ನ ವಿದ್ಯಾರ್ಥಿಯ ಪರೀಕ್ಷೆಗೆ ನಾನಿಲ್ಲದಿದ್ದರೆ ಹೇಗೆ? ಒಂದು ಖಾಲಿ ಡಬ್ಬ ಬೋರಲು ಹಾಕಿ ಅತ್ತೆಯ ಎದುರಿಗೇ ಕೂತೆ. ಕಣದ ಹೆಂಗಸರೆಲ್ಲ ಕೈಕೆಲಸ ಬಿಟ್ಟು ಸುತ್ತ ನಿಂತರು. ವಿರೂಪಣ್ಣ ಸಾವ್ಕಾರರು ಒಂದು ಬುಟ್ಟಿ ಕಾಯಿ ಸುರಿಸಿ "ಹೂಂ, ಹಂಪವ್ವ" ಎಂದರು.

ಅತ್ತೆ ತಮ್ಮ ಜಾಗದಲ್ಲಿ ಕೂತರು. ಅಳಿಯ ಎದುರಿಗಿದ್ದಾನೆಂದು ಸೆರಗು ಹಣೆಗೆ ಬಂತು. ಮೊದಲನೆಯ ಸುಕ್ಕು ಕಾಯಿ ಎತ್ತಿಕೊಂಡು ಕೈಯನ್ನು ಬಲಕ್ಕೆ, ಒಳ್ಳೆಯದನ್ನು ಹಾಕುವ ಕಡೆ ಒಯ್ದರು. ನಾನು ಅಭ್ಯಾಸಬಲದಿಂದ ಪೆನ್ನಿನಿಂದ ಅವರ ಎಡಕ್ಕೆ, ಕಸದ ಕಡೆಯ ನೆಲಕ್ಕೆ ಟಕ್ ಎನ್ನಿಸಿದೆ. ಅತ್ತೆ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ತಲೆ ಎತ್ತಲೇ ಇಲ್ಲ. ನಾನು ಕಲಿಸಿದ ಹಾಗೆ, ಒಂದೂ ಬಿಡದೆ, ಇಡೀ ಬುಟ್ಟಿ ಆರಿಸಿ ಮುಗಿಸಿದರು.

"ಒಂದೂ ತಪ್ಪಿಲ್ಲ!" ಎಂದು ನಾನು ಎದ್ದು ನಿಂತೆ. ಚಪ್ಪಾಳೆ ಬರಲಿಲ್ಲ.

ಸಾವ್ಕಾರರು ಕಸದ ರಾಶಿಯಿಂದ ಒಂದು ಸುಕ್ಕು ಕಾಯಿ ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು. "ಮಾಸ್ತರ, ಇದೇನು?"

"ಜೊಳ್ಳು."

"ಜೊಳ್ಳು?" ಸಾವ್ಕಾರರು ಕಾಯಿ ಮುರಿದು ತೋರಿಸಿದರು. "ಈ ಸುಕ್ಕಿನಾಗ ಬಣ್ಣ ಐತ್ರಿ! ಇದ್ರ ಸಲುವಾಗಿನ ನಮ್ಮ ಅಂಗಡಿ ನಡಿಯಾದು. ಆ ನುಣುಪಿಂದ್ರಾಗ ಬರೇ ಖಾರ. ಈ ತಾಲು ನಡುವ ಇಟ್ಟೀರಲ್ಲ, ಇದನ್ನ ಯಾರೂ ಮೂಸಂಗಿಲ್ಲ."

ಆಮೇಲೆ ಅವರು ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ದನಿ ತಗ್ಗಿಸಿದರು. "ಹಂಪವ್ವ, ಮೂವತ್ತೈದು ವರ್ಷ ದುಡದಿ. ದೇವ್ರು ಇಷ್ಟ ಬರದಿದ್ದ. ಬ್ಯಾಸರ ಮಾಡ್ಕೋಬ್ಯಾಡ." ಸೆರಗಿನ ಕೆಳಗಿನಿಂದ ಎರಡು ಹನಿ ಮೆಣಸಿನಕಾಯಿಯ ಮೇಲೆ ಬಿದ್ದವು.

ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನನ್ನ ಸೊನ್ನೆಯ ಆಸೆಗೆ ಒಬ್ಬ ಹೆಣ್ಣುಮಗಳ ಜಾಗ ಹೋಗುತ್ತಿತ್ತು. ನಾನು ಗಂಟಲು ಹರಿಯುವಂತೆ ಕೂಗಿದೆ.

"ಸಾವ್ಕಾರ, ನಿಲ್ರಿ! ಅತ್ತಿ ಒಂದೂ ತಪ್ಪು ಮಾಡಿಲ್ಲ! ನಾ ಹೇಳಿದ್ದನ್ನ ಹಂಗಂಗ ಕಲ್ತಾರ. ವಿಧಾನ ಸರಿ ಐತಿ, ಕಲಿಕಿ ನೂರಕ್ಕ ನೂರು ಐತಿ, ಕಲಿಸಿದಾಂವಷ್ಟ ಕತ್ತಿ!"

ನಾನು ಕತ್ತೆಯೆಂಬುದನ್ನು ಕಣದಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಆಗ ಮಾಬುಬಿ ಮುಂದೆ ಬಂದರು. "ಸಾವ್ಕಾರ, ಮೊದ್ಲ ಈ ಅಳಿಯನ್ನ ಆಕಿ ಕಣ್ಣಿಗಿ ಕಾಣದಂಗ ಕಳಸ್ರಿ. ಆಮ್ಯಾಲ ಇನ್ನೊಂದು ಬುಟ್ಟಿ ಸುರೀರಿ. ಏನಾಕ್ಕೈತಿ ನೋಡೂನು."

ನನ್ನನ್ನು ಚೀಲಗಳ ಅಟ್ಟಿಯ ಹಿಂದೆ ನಿಲ್ಲಿಸಿದರು. ಹೊಸ ಮೆಣಸಿನಕಾಯಿ ಚೀಲಗಳ ಹಿಂದೆ ನಿಲ್ಲುವುದೆಂದರೆ ಏನೆಂದು ನಿಂತವನಿಗೇ ಗೊತ್ತು. ಸೀನುಗಳ ನಡುವೆ ಬಿಡುವು ಸಿಕ್ಕಾಗ ಎರಡು ಚೀಲಗಳ ಸಂದಿಯಿಂದ ಇಣುಕಿದೆ.

ಅತ್ತೆ ಸೆರಗನ್ನು ತಲೆಯಿಂದ ಕಿತ್ತು ಸೊಂಟಕ್ಕೆ ಸಿಕ್ಕಿಸಿದರು. ಕಣ್ಣೊರೆಸಿಕೊಂಡರು. ಆಮೇಲೆ ಕೈ ಯಾವುದು, ಕಾಯಿ ಯಾವುದು ನನಗೆ ತಿಳಿಯಲಿಲ್ಲ. ಸುಕ್ಕಿನದು ಬಲಕ್ಕೆ, ನುಣುಪಿನದು ನಡುವೆ, ತಾಲು ಎಡಕ್ಕೆ. ಪರೀಕ್ಷೆಗೆಂದು ಸಾವ್ಕಾರರೇ ಒಂದು ಅನುಮಾನದ ಕಾಯಿ ಕೊಟ್ಟರು. ಅತ್ತೆ ಅದನ್ನು ಬೆರಳಲ್ಲಿ ಒಮ್ಮೆ ಹಿಸುಕಿ, ನೋಡದೆಯೇ ಎಡಕ್ಕೆ ಎಸೆದರು. ಸಾವ್ಕಾರರು ಅದನ್ನು ಹೆಕ್ಕಿ ಸೀಳಿ, ಒಳಗಿನ ಬೂಷ್ಟು ನೋಡಿ ಕೈ ಮುಗಿದರು.

"ಜಾಗ ನಿಂದವ್ವ!"

"ಚಾಪಿ ನಂದು!" ಎಂದು ಅತ್ತೆ ಕಣ ನಡುಗುವಂತೆ ಗದರಿದರು. ಹೆಂಗಸರು ಹೋ ಎಂದರು. ಗಿರಿಜಾ ಅಳುತ್ತಲೇ ನಗುತ್ತಿದ್ದಳು.

"ಯವ್ವಾ, ನಾಕು ಭಾನುವಾರ ಸುಮ್ನ ಯಾಕ ಕುಂತಿದ್ದಿ? ಉಲ್ಟಾ ಐತಂತ ಹೇಳಬಾರ್ದೇನು?"

ಅತ್ತೆ ಒಂದೊಂದೇ ಶಬ್ದವನ್ನು ಹುಡುಕಿ ತೆಗೆದರು. "ಕಲಿಯೋರಿಗಿ... ತಪ್ಪಂತ... ಅನ್ನಬಾರ್ದಂತಲ್ಲ. ಅದಕ್ಕ... ಅಳಿಯಂದ್ರಿಗಿ... ಅನ್ನಲಿಲ್ಲ."

ನಗು ಶುರುವಾದದ್ದು ಆಗಲೇ. ಚೀಲಗಳ ಹಿಂದೆ ನಾನು ಸೀನಿದೆ, ಅದಕ್ಕೂ ನಕ್ಕರು.

ಆದರೆ ನಾನು ಸೋಲೊಪ್ಪುವ ಜಾತಿಯಲ್ಲ. ಮುಂದಿನ ಭಾನುವಾರ ಹೋಗಿ, ಅದೇ ಮೂರು ಬುಟ್ಟಿಗಳನ್ನಿಟ್ಟು, ಈ ಸಲ ಕಲಿಯುವವನ ಜಾಗದಲ್ಲಿ ನಾನೇ ಕೂತೆ. ವಿಧಾನ ಸರಿಯೆಂದು ತೋರಿಸಿಯೇ ತೀರಬೇಕಿತ್ತು. ಅತ್ತೆ ಸೆರಗು ಎಳೆದುಕೊಂಡು, ಅರ್ಧ ತಿರುಗಿ ಕೂತು, ನನ್ನ ಕೈ ಅತ್ತಿತ್ತ ವಾಲುವ ಮೊದಲೇ ಸರಿಯಾದ ಬುಟ್ಟಿಯ ಅಂಚನ್ನು ಮೆಲ್ಲಗೆ ತಟ್ಟುತ್ತಿದ್ದರು. ನಾನು ಒಂದೂ ತಪ್ಪು ಮಾಡಲಿಲ್ಲ. ಎರಡನೆಯ ಭಾನುವಾರ ತಟ್ಟುವುದು ಅರ್ಧಕ್ಕೆ ಇಳಿಯಿತು. ಆಗಲೂ ತಪ್ಪಿಲ್ಲ. ಯಾವ ತರಬೇತಿಗೂ ಹೋಗದ ಹೆಣ್ಣುಮಗಳು ನನಗಿಂತ ಚೆನ್ನಾಗಿ ನಿಯಮ ಪಾಲಿಸಿದರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮೂರನೆಯ ಭಾನುವಾರ ಅತ್ತೆ ಕೈ ಕಟ್ಟಿ ಕೂತರು. ನಾನು ಒಂದು ಕಾಯಿ ಎತ್ತಿಕೊಂಡೆ. ಕಪ್ಪುಗೆಂಪು ಬಣ್ಣ, ಮೈತುಂಬ ಸುಕ್ಕು. ಪೂರ್ತಿ ವಿಶ್ವಾಸದಿಂದ ಉತ್ತಮದ ಬುಟ್ಟಿಗೆ ಹಾಕಿದೆ. ಒಳಗೆ ಬೂಷ್ಟು ಹಿಡಿದಿತ್ತಂತೆ. ಅತ್ತೆ ಪೂರ್ತಿ ನನ್ನ ಕಡೆ ತಿರುಗಿದರು. ಸೆರಗು ಸರಿಸಿ ನನ್ನ ಮುಖವನ್ನೇ ನೋಡಿದರು.

"ತಪ್ಪು!" ಎಂದರು. ಸ್ವಲ್ಪವೂ ತೊದಲಲಿಲ್ಲ.

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಆವತ್ತಿನಿಂದ ನಮ್ಮ ಅತ್ತೆ ಗಿರಿಜಾಳನ್ನು ನಡುವೆ ತರದೆ ನನ್ನ ಜೊತೆ ಧಾರಾಳವಾಗಿ ಮಾತಾಡುತ್ತಾರೆ. ಅದೊಂದೇ ಶಬ್ದ.